ತೂಬಿನ ಪಕ್ಕದ ಗದ್ದೆ

೧೯೭೯ರ ಜನವರಿ ೧೯ರ ನನ್ನ ದಿನಚರಿಯಲ್ಲಿ ಈ ಕಥೆ ಹೀಗಿದೆ.

ಕೆರೆಯ ತೂಬಿನ ಪಕ್ಕದ ಗದ್ದೆ ಏಡಿಯದು. ಪರದೇಶದಿಂದ ಬಂದ ಕೊಕ್ಕರೆ ಅದಕ್ಕೆ ಎರಡು ಪಟ್ಟು ಬೆಲೆ ಕೊಡುತ್ತೇನೆಂದಿತು. ಹೊರಗಿನವರಿಗೆ ನೆಲ ಮಾರುವ ಮುನ್ನ ಕೆರೆಯ ಹಿರಿಯರು ವಿಚಾರಿಸಬೇಕೆಂಬುದು ಅಲ್ಲಿನ ಕಟ್ಟಳೆ. ಹಿರಿಯಳಾದ ಆಮೆ ಕೇಳಿದಳು:

“ಏನು ಬೆಳೆಯುತ್ತೀರಿ?”

“ಭತ್ತ.”

“ಹಾಗಾದರೆ ಕೆಳಗಿನ ಬಯಲಲ್ಲಿ ಕೊಳ್ಳಿ. ಮಣ್ಣು ಇದಕ್ಕಿಂತ ಚೆನ್ನ, ಬೆಲೆಯೂ ಅರ್ಧ. ಪರದೇಶದವರೆಂದು ನಾವು ಬೇಡವೆನ್ನುವುದಿಲ್ಲ.”

“ನನಗೆ ತೂಬಿನ ಪಕ್ಕದ್ದೇ ಬೇಕು,” ಎಂದ ಕೊಕ್ಕರೆಯ ಕಣ್ಣು, ನೀರಿನೊಡನೆ ತೂಬಿನಿಂದ ಜಾರಿಬರುತ್ತಿದ್ದ ಮೀನುಮರಿಗಳ ಮೇಲೇ ಇತ್ತು.

“ಈ ಮಾರಾಟ ಆಗದು,” ಎಂದಳು ಆಮೆ.

ಏಡಿ ಸಿಡುಕಿತು. “ಗದ್ದೆ ನನ್ನದು, ಅಜ್ಜಿ! ಹೆದರಿಕೆಯಾದರೆ ನೀವು ಚಿಪ್ಪಿನೊಳಗೆ ಹೋಗಿ.”

“ನನಗೆ ಚಿಪ್ಪಿದೆಯಪ್ಪ, ಆ ಮರಿಗಳಿಗಿಲ್ಲ. ನಿನ್ನ ನಷ್ಟ ನಾನು ತುಂಬುತ್ತೇನೆ.”

ಕೊಕ್ಕರೆ ಹಾರಿಹೋಯಿತು. ಆ ವರ್ಷ ಮರಿಗಳೆಲ್ಲ ಬಲಿತು ದೊಡ್ಡ ಮೀನುಗಳಾದವು. ಕೆರೆ ಕೆರೆಯವರದ್ದಾಗಿಯೇ ಉಳಿಯಿತು.

ಆಮೆ, ತನ್ನ ತಾಯಿಯೂ ಅಜ್ಜಿಯೂ ಮೊಟ್ಟೆಯಿಟ್ಟ ಮರಳದಿಣ್ಣೆಯನ್ನು ಏಡಿಗೆ ಬಿಟ್ಟುಕೊಟ್ಟಳು. ಈಗ ಮೊಟ್ಟೆಯಿಡಲು ಗುಡ್ಡದಾಚೆಗೆ ನಡೆಯುತ್ತಾಳೆ. ಹೋಗಿಬರಲು ಇಡೀ ದಿನ ಹಿಡಿಯುತ್ತದೆ.