ಕೆಂಡ ಕೇಳಲು ಬಂದವನು

“ಅಯ್ಯಾ, ಚಕಮಕಿ ಎಂದರೇನು? ಆ ಮಾತು ಎಲ್ಲಿಂದ ಬಂತು?”

ಕೇಳಿದವನು ಕಿರಿಯ ಶಿಷ್ಯ. ಅವನ ಓದು ಮುಗಿದಿತ್ತು; ಬೆಳಗಾದರೆ ಊರಿಗೆ ಹೊರಡಬೇಕು. ಬಟ್ಟೆಬರೆ, ಗುರುಗಳು ಕೊಟ್ಟ ನಿಘಂಟು ಎಲ್ಲವನ್ನೂ ಗಂಟು ಕಟ್ಟಿಟ್ಟು ಬಂದು ಕುಳಿತಿದ್ದ. ಗುರುಗಳು ಕತೆ ಹೇಳಿದರು.

ಸಂತೆಯ ದಾರಿಯಲ್ಲಿ ರೊಟ್ಟಿ ಮಾರುವವಳೊಬ್ಬಳಿದ್ದಳು. ಆಗೆಲ್ಲ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಕಾಯಬೇಕು. ಆರಿತೋ, ನೆರೆಮನೆಯಲ್ಲಿ ಕೇಳಿ ತರಬೇಕು. ಒಂದು ಬೇಸಗೆಯಲ್ಲಿ ದೂರದ ತುರ್ಕರ ನಾಡಿನ ಕುದುರೆ ವ್ಯಾಪಾರಿ ಎದುರಿನ ಬಯಲಲ್ಲಿ ಬಿಡಾರ ಹೂಡಿದ. ದಿನಾ ಬೆಳಗ್ಗೆ ಓಡಿನ ಚೂರು ಹಿಡಿದು ಅವಳ ಬಾಗಿಲಿಗೆ ಬರುವನು.

“ಇಷ್ಟೊಂದು ಕುದುರೆ ಕಾಯ್ತೀಯ, ಒಂದು ಕೆಂಡ ಕಾಯಲಾರೆಯಾ?”

“ಕುದುರೆ ಕಟ್ಟಿದಲ್ಲಿ ನಿಲ್ಲುತ್ತೆ ರೊಟ್ಟಿಯಮ್ಮಾ, ಬೆಂಕಿ ನಿಲ್ಲೋಲ್ಲ.”

ಬೈಯುತ್ತಲೇ ಕೊಡುವಳು. ಅವನು ಕೆಂಡ ಕಪ್ಪಾಗುವವರೆಗೂ ಮಾತಾಡುತ್ತ ನಿಂತು, ಮತ್ತೊಂದು ಕೇಳುವನು.

ಕುದುರೆಗಳೆಲ್ಲ ಮಾರಿಹೋದವು. ಹೊರಡುವ ದಿನ ಅವನು ಒಂದು ತೊಗಲ ಚೀಲವನ್ನು ಅವಳ ಒಲೆಕಟ್ಟೆಯ ಮೇಲಿಟ್ಟು, ಅದೇನೆಂದು ಹೇಳದೆ ಹೋದ. ಬಿಚ್ಚಿದರೆ ಒಂದು ಉಕ್ಕಿನ ತುಂಡು, ಒಂದು ಕಲ್ಲು, ಒಂದಿಷ್ಟು ಅರಳೆ. ಅವನ ದೇವರಿರಬೇಕೆಂದು ಗೋಡೆಯ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ದಾರಿ ನೋಡಿದಳು.

ಬೇಸಗೆಗಳು ಬಂದವು, ಅವನು ಬರಲಿಲ್ಲ. ಒಮ್ಮೆ ಅವನ ನಾಡಿನವನೇ ಇನ್ನೊಬ್ಬ ರೊಟ್ಟಿ ತಿನ್ನಲು ಬಂದು, ಗೂಡಿನತ್ತ ನೋಡಿ ನಕ್ಕುಬಿಟ್ಟ.

“ಚಕಮಕಿಗೂ ಕುಂಕುಮವೆ!” ಎಂದವನೇ ಕಲ್ಲಿಗೆ ಉಕ್ಕು ಹೊಡೆದ. ಕಿಡಿ ಹಾರಿ ಅರಳೆ ಹೊತ್ತಿತು. “ಹೊಡೆದು ಕಿಡಿ ಎಬ್ಬಿಸೋದು, ನಮ್ಮ ಮಾತಿನಲ್ಲಿ ಇದರ ಅರ್ಥ ಅಷ್ಟೇ ತಾಯಿ. ಇದು ಸೊಂಟದಲ್ಲಿದ್ದರೆ ಬೆಂಕಿ ಕೇಳೋಕೆ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಇದಿಲ್ಲದೆ ನಮ್ಮ ವ್ಯಾಪಾರಿಗಳು ಹೊಸಿಲೇ ದಾಟೋಲ್ಲ.”

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವಳು ಮಗುಚಲಿಲ್ಲ.

ಆಮೇಲೆ ಕೇಳಿದವರಿಗೆಲ್ಲ ಅವಳು ಆ ಹೆಸರು ಹೇಳಿಕೊಟ್ಟಳು. ಊರವರ ಬಾಯಲ್ಲಿ ಅದು ನಿಂತಿತು. ತಾನು ಮಾತ್ರ ಆ ಕಲ್ಲಿಗೆ ಉಕ್ಕು ತಾಗಿಸಲಿಲ್ಲ. ಒಲೆ ಮುಚ್ಚುವಾಗ ತನಗೆ ಬೇಕಾದ್ದಕ್ಕಿಂತ ಒಂದು ಕೆಂಡವನ್ನು ಹೆಚ್ಚಾಗಿಯೇ ಬೂದಿಯಲ್ಲಿ ಉಳಿಸುವಳು.

ಗುರುಗಳು ನಿಲ್ಲಿಸಿದರು. ಶಿಷ್ಯ ಇನ್ನೂ ಕುಳಿತೇ ಇದ್ದ.

“ಹಾಗಾದರೆ ಅರ್ಥ ಅಷ್ಟೇ ಏನು, ಅಯ್ಯಾ?”

“ಅಷ್ಟೇ ಮಗು, ನಿನ್ನ ಗಂಟಿನಲ್ಲಿರುವ ನಿಘಂಟೂ ಅದನ್ನೇ ಹೇಳುತ್ತದೆ.”

ಶಿಷ್ಯ ತಲೆ ತಗ್ಗಿಸಿದ. ಏಳಲಿಲ್ಲ.