ಸೂರ್ಯಪ್ಪ ನೆಲಕ್ಕೆ ಗದ್ದ ಊರಿದ ಬೆಳಗು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಒಣಗಿರಲಿಲ್ಲ. ಯಾವ ಕಡೆ ಹರಿಯೋಣ ಅಂತ ಹೊಳೆಗಳು ಒಂದನ್ನೊಂದು ಕೇಳುತ್ತಿದ್ದವು. ಆಗ ಸೂರ್ಯಪ್ಪ ಈಗಿನ ಹಾಗೆ ಮೆಲ್ಲಗೆ ಮೂಡುತ್ತಿರಲಿಲ್ಲ ಕಂದಾ. ನೆತ್ತಿಯ ಮೇಲೇ ಧಗ್ಗೆಂದು ಹೊತ್ತಿಕೊಳ್ಳುತ್ತಿದ್ದ. ಸಾಕಾದಾಗ ಅಲ್ಲೇ ಆರಿಹೋಗುತ್ತಿದ್ದ.

ಆ ಕಾಲದಲ್ಲಿ ಈರಜ್ಜಿ ಅಂತ ಒಬ್ಬಳು ಮುದುಕಿ. ಹುಳಹುಪ್ಪಟೆಗಳಿಗೆ ಬಣ್ಣ ಬರೆಯುವುದು ಅವಳ ಕೆಲಸ. ಅಳಿಲಿನ ಬಾಲದಿಂದ ಒಂದೇ ಒಂದು ಕೂದಲು ಬೇಡಿ ತಂದು ಅದನ್ನೇ ಕುಂಚ ಮಾಡಿಕೊಂಡಿದ್ದಳು. ರಂಗೋಲಿ ಇಡುವವರ ಹಾಗೆ ಬಗ್ಗಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ಚಿಟ್ಟೆಯ ರೆಕ್ಕೆಗೆ ಹೆಂಚು ಹೊದಿಸಿದ ಹಾಗೆ ಸಾಲುಸಾಲಾಗಿ ಪುಡಿಪುಡಿ ಬಣ್ಣ. ನೊಣದ ಕಣ್ಣಿಗೆ ಜೇನುಹುಟ್ಟಿನ ಹಾಗೆ ಮನೆಮನೆ.

"ಅಜ್ಜೀ, ಕಚಗುಳಿ!" ಅಂತ ಮಿಡತೆ ಕುಣಿದರೆ, "ಸುಮ್ನಿರೋ ಕೋತಿ, ಗೆರೆ ಸೊಟ್ಟ ಆಗುತ್ತೆ" ಅನ್ನುವಳು.

ಬಣ್ಣವೆಲ್ಲ ಸೂರ್ಯಪ್ಪನದು. ಒಂದು ದಿನ ನವಿಲು ಹೋಗಿ ಅವನಿಗೆ ಚಾಡಿ ಹೇಳಿತು. "ನನ್ನ ಗರಿಗೇ ಬಣ್ಣ ಸಾಲದು. ಈರಜ್ಜಿ ನೋಡಿದರೆ ಹುಳಗಳ ಮೇಲೆ ಸುರಿದು ಹಾಳು ಮಾಡ್ತಾಳೆ."

ಸೂರ್ಯಪ್ಪ ಮೇಲಿನಿಂದಲೇ ಕೂಗಿದ. "ಏನಜ್ಜಿ, ನಾನೂ ದಿನಾ ನೋಡ್ತೀನಿ. ಬರೀ ಚುಕ್ಕೆ! ಅದರಲ್ಲಿ ನೀನು ಬರೆದದ್ದೇನು? ನಾಳೆ ಎಲ್ಲಾ ಬಣ್ಣ ವಾಪಸ್ ತಗೋತೀನಿ. ಹುಳಗಳು ಮಣ್ಣಿನ ಬಣ್ಣದಲ್ಲೇ ಇರಲಿ."

ಅಜ್ಜಿ ಕುಂಚ ಕೆಳಗಿಟ್ಟಳು. "ತಗೊಳ್ಳಪ್ಪ, ನಿನ್ನದೇ ಬಣ್ಣ. ಆದರೆ ಒಂದೇ ಒಂದು ಸಲ ಹತ್ತಿರ ಬಂದು ನೋಡು."

ಸೂರ್ಯಪ್ಪ ಸರ್ರನೆ ಕೆಳಗಿಳಿದ. ನೆಲ ಕಾದಿತು, ಹುಲ್ಲು ಬಾಡಿತು. ಚಿಟ್ಟೆ ಹಾರಿತು, ಮಿಡತೆ ಜಿಗಿಯಿತು. ಇನ್ನೂ ಹತ್ತಿರ ಬಂದ. ಉಳಿದವೂ ದಿಕ್ಕಾಪಾಲಾದವು.

"ಎಲ್ಲಿ ಅಜ್ಜಿ? ನಿಂತು ತೋರಿಸಿಕೊಳ್ಳಲಾರದವಕ್ಕೆ ಬಣ್ಣ ಬೇರೆ ಕೇಡು!" ಅಂತ ಹೇಳಿ ಸೂರ್ಯಪ್ಪ ಮೇಲೇರಿ ಆರಿಹೋದ.

ಕತ್ತಲೆ ಕವಿಯುತ್ತಿದ್ದ ಹಾಗೇ ಅಜ್ಜಿ ಆ ಕತ್ತಲೆಯ ಒಡತಿ ಇರುಳವ್ವನ ಮುಂದೆ ಕೂತು ಅತ್ತಳು.

"ಅಳಬೇಡ ಅಕ್ಕಾ," ಅಂದಳು ಇರುಳವ್ವ. "ಹಾಗೆ ಮೈಮೇಲೆ ಬಂದು ಬಿದ್ದರೆ ಯಾರು ತಾನೆ ನಿಲ್ತಾರೆ? ನಾನು ತಣ್ಣಗೆ ಊದಿ ಹುಳಗಳನ್ನು ಕೂರಿಸ್ತೀನಿ. ಸೂರ್ಯಪ್ಪನನ್ನು ಬಗ್ಗಿಸೋದು ನಿನ್ನ ಪಾಡು."

ಅವಳು ಮೆಲ್ಲಗೆ ಊದಿದಳು. ಆ ಉಸಿರು ಹನಿಹನಿಯಾಗಿ ರೆಕ್ಕೆಗಳ ಮೇಲೆ, ಮೀಸೆಗಳ ಮೇಲೆ ಕೂತಿತು. ಹುಳಗಳು ಚಳಿಗೆ ಮರಗಟ್ಟಿ, ಒಂದೊಂದು ಹುಲ್ಲಿನೆಸಳನ್ನು ಅಪ್ಪಿಕೊಂಡು ಸುಮ್ಮನಾದವು.

ಸೂರ್ಯಪ್ಪ ಹೊತ್ತಿಕೊಳ್ಳುವ ಮೊದಲೇ ಅಜ್ಜಿ ನೆಲದಂಚಿನ ಕಡೆ ತಿರುಗಿ ಕೂಗಿದಳು. "ಅಪ್ಪಾ, ನೆತ್ತಿಗೆ ಏರಬೇಡ! ಈ ಕಡೆಯಿಂದ, ತಗ್ಗಿನಿಂದ ಬಾ."

"ನಾನು ನೆಲಕ್ಕೆ ಬಗ್ಗೋದೇ? ಆನೆ ನೋಡಿದರೆ ನಗುತ್ತೆ."

"ಅದರ ಸೊಂಡಿಲೇ ನೆಲದಲ್ಲಿ ಎಳೆದಾಡುತ್ತೆ, ಅದೇನು ನಗೋದು! ನೋಡು, ನಾನೂ ಮಲಗ್ತೀನಿ." ಅಜ್ಜಿ ಒದ್ದೆ ಹುಲ್ಲಿನಲ್ಲಿ ಬೋರಲಾಗಿ ಮಲಗಿಯೇಬಿಟ್ಟಳು.

ನಾಚಿಕೆಗೆ ಸೂರ್ಯಪ್ಪನ ಮುಖ ಕೆಂಪಾಯಿತು. ನೆಲದಂಚಿಗೆ ಗದ್ದ ಊರಿ, ಹುಲ್ಲಿನ ಸಂದಿಯಿಂದ ಮೆಲ್ಲಗೆ ಇಣುಕಿದ.

"ಉಸಿರು ಬಿಡಬೇಡ," ಅಜ್ಜಿ ಪಿಸುಗುಟ್ಟಿದಳು. "ಮೊದಲು ಕಣ್ಣು ನೋಡು. ಮಿಕ್ಕದ್ದೆಲ್ಲ ಆಮೇಲೆ."

ಮಿಡತೆಯ ಎದುರಿಗೆ ಒಂದು ಹನಿ ತೂಗುತ್ತಿತ್ತು. ಅದರ ಮೂಲಕ ಮಿಡತೆಯ ಮುಖ ಅಷ್ಟು ದೊಡ್ಡದಾಗಿ ಕಂಡಿತು. ಕಣ್ಣಿನ ಸುತ್ತ ಕೂದಲೆಳೆಯ ಗೆರೆಗಳು. ಆ ಕಣ್ಣಿನೊಳಗೆ ಏನೋ ಮಿನುಗುತ್ತಿತ್ತು.

"ಅಜ್ಜೀ, ಅದು... ಅದು ನಾನಲ್ಲವೇ? ಬರೀ ಚುಕ್ಕೆ ಆಗಿದ್ದೀನಲ್ಲ!"

"ಹೌದಪ್ಪ. ಅದು ಇನ್ನೂ ನಿನ್ನನ್ನು ಹತ್ತಿರದಿಂದ ನೋಡಿಲ್ಲ."

ಸೂರ್ಯಪ್ಪ ಗದ್ದವನ್ನು ಇನ್ನೂ ಕೆಳಗೆ ಊರಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ. "ಅದರ ಪಕ್ಕದಲ್ಲಿ ಕೂತದ್ದು ಯಾರು?"

ಅಜ್ಜಿ ತೋರಿಸುತ್ತ ಹೋದಳು, ಅವನು ನೋಡುತ್ತ ಹೋದ. ಬಣ್ಣ ವಾಪಸ್ ಕೇಳುವ ಮಾತೇ ಬರಲಿಲ್ಲ. ಅಷ್ಟರಲ್ಲಿ ಹನಿ ಆರಿತು. ಮೈ ಬೆಚ್ಚಗಾಗಿ ಮಿಡತೆ ಟಣ್ಣನೆ ಜಿಗಿಯಿತು.

"ಅಯ್ಯೋ, ಹೋಯ್ತಲ್ಲ! ಇನ್ನೂ ಕಾಲು ನೋಡಿರಲಿಲ್ಲ."

"ನಾಳೆ ಬಾ," ಅಂದಳು ಅಜ್ಜಿ, ಸೊಂಟ ಹಿಡಿದುಕೊಂಡು ಏಳುತ್ತ.

ಅದಕ್ಕೇ ಕಂದಾ, ಇವತ್ತಿಗೂ ಸೂರ್ಯಪ್ಪ ಮುಖ ಕೆಂಪು ಮಾಡಿಕೊಂಡು ನೆಲದಂಚಿನಿಂದಲೇ ಇಣುಕುತ್ತಾನೆ, ಹುಳಗಳು ಇಬ್ಬನಿ ಹೊತ್ತು ಅವನಿಗಾಗಿ ಕೂತಿರುತ್ತವೆ. ಹುಳಗಳ ಚಿತ್ರ ತೆಗೆಯಲು ನೀನು ಕ್ಯಾಮೆರಾ ಹಿಡಿದು ನಿಂತೇ ಇದ್ದರೆ ಬರೀ ಹುಲ್ಲು ಸಿಗುತ್ತೆ, ಅವನ ಹಾಗೆ ಗದ್ದ ಊರಿ ಮಲಗಿದರೆ ಮಿಡತೆಯ ಕಣ್ಣು ಸಿಗುತ್ತೆ, ಆ ಕಣ್ಣೊಳಗೆ ಚುಕ್ಕೆಯಷ್ಟು ಸೂರ್ಯಪ್ಪನೂ.