ಮುಂದಿಲ್ಲದ ದಿಬ್ಬ

ಕಾರೆಕಟ್ಟೆಯ ಮೂಡಲಿಗೆ, ಊರಿನಿಂದ ಒಂದು ಕೂಗಳತೆ ದೂರದಲ್ಲಿ ಒಂದು ಕಲ್ಲುದಿಬ್ಬವಿದೆ. ಊರದಾರಿ ಅಲ್ಲಿಗೆ ಮುಗಿಯುತ್ತದೆ. ಆಚೆ ಬರಿಯ ಹಾಸುಬಂಡೆ, ಅದರಾಚೆ ಕಮರಿ. ಊರವರ ಬಾಯಲ್ಲಿ ಅದು ‘ಮುಂದಿಲ್ಲದ ದಿಬ್ಬ’, ದಾರಿಯ ಫಲಕದಲ್ಲಿ ಮಾತ್ರ ‘ಮುಂದಿನ ದಿಬ್ಬ’ ಎಂದಿದೆ. ಬರೆದ ಪುಣ್ಯಾತ್ಮ ಹೆಸರು ತಪ್ಪಿದೆಯೆಂದು ತಾನೇ ತಿದ್ದಿದನಂತೆ! ಅದನ್ನು ಸರಿಪಡಿಸಿ ಎಂದು ನಾನು ಮೂರು ಅರ್ಜಿ ಬರೆದು ಸೋತಿದ್ದೇನೆ. ದಿಬ್ಬದ ಮೇಲೆ ಮೂರು ಒಲೆಗುಂಡುಗಳೂ ಎರಡು ಗೋರಿಗಳೂ ಇವೆ. ಒಂದರ ತಲೆಗೆ ಶಿಲುಬೆ, ಇನ್ನೊಂದರ ತಲೆಗೆ ಬರಿಯ ನೆಟ್ಟ ಕಲ್ಲು.

ಹಿಂದೆ ಒಮ್ಮೆ, ಪ್ಲೇಗು ಬಂದ ಕಾಲದಲ್ಲಿ, ಈ ದಿಬ್ಬದ ಮೇಲೆ ಇನ್ನಾಸಮ್ಮ ಎಂಬ ಕ್ರೈಸ್ತ ವಿಧವೆಯ ಒಂಟಿ ಮನೆಯಿತ್ತು ಎನ್ನುತ್ತಾರೆ. ಅವಳ ಒಬ್ಬನೇ ಮಗ ಚೌರಪ್ಪ ಪಟ್ಟಣದಲ್ಲಿ ಗಾರೆ ಕೆಲಸಕ್ಕಿದ್ದವನು ಜ್ವರ ಹೊತ್ತು ಊರಿಗೆ ಬಂದ. ಊರಬಾಗಿಲ ಮೊದಲ ಮನೆ ಪುಟ್ಟೀರಯ್ಯನದು. ಹುಡುಗ ಜಗಲಿಯ ಬಳಿ ನಿಂತು ನೀರು ಕೇಳಿದ. ಭಿಕ್ಷುಕರಿಗೆ ಇಲ್ಲವೆನ್ನಲು ಬಾಯಿ ಬಾರದೆ ಜನ ‘ಮುಂದಕ್ಕೆ ಹೋಗು’ ಎನ್ನುತ್ತಾರಲ್ಲ, ಪುಟ್ಟೀರಯ್ಯ ಅದನ್ನೇ ಅಂದ. ಮೊದಲ ಮನೆ ಅಂದದ್ದನ್ನು ಉಳಿದ ಮನೆಗಳೂ ಅಂದವು. ಹೀಗೆ ಮುಂದೆ ಮುಂದೆ ಹೋಗಿ ಚೌರಪ್ಪ ದಿಬ್ಬದ ಬುಡದಲ್ಲಿ ಬಿದ್ದ. ತಾಯಿ ಎತ್ತಿಕೊಂಡು ಹೋಗಿ ಬಾಯಿಗೆ ನೀರು ಬಿಡುವಷ್ಟರಲ್ಲಿ ಅವನ ಜೀವ ಹೋಗಿತ್ತು. ಗುಂಡಿ ತೋಡಲು ಯಾರೂ ಬರಲಿಲ್ಲ. ಅವಳೇ ಹಾರೆ ಹಿಡಿದು ಅಗೆದಳು. ಬಂಡೆಯ ನಡುವೆ ಮಣ್ಣಿದ್ದದ್ದು ಇಬ್ಬರಿಗಾಗುವಷ್ಟು. ಮಗನ ಪಕ್ಕದ ಜಾಗವನ್ನು ತನಗೆಂದು ಬಿಟ್ಟುಕೊಂಡಳು.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಬಾರದು, ನೆರೆಯವರು ತಂದದ್ದನ್ನು ಉಣ್ಣಬೇಕು ಎಂಬುದು ಈ ಸೀಮೆಯಲ್ಲಿ ಎಲ್ಲ ಜಾತಿಯವರ ಕಟ್ಟಳೆ. ಇನ್ನಾಸಮ್ಮನಿಗೆ ತರುವವರಿರಲಿಲ್ಲ. ಹಸಿದು ಕುಳಿತು ಜಪ ಹೇಳುವಾಗ, ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ’ ಎಂಬಲ್ಲಿಗೆ ಬಂದು ಅವಳ ನಾಲಿಗೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಊರವರೆಲ್ಲ ಪ್ಲೇಗಿಗೆ ಹೆದರಿ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮೂರನೆಯ ದಿನ ಪುಟ್ಟೀರಯ್ಯನ ಮಗಳು ನಿಂಗಿಗೆ ಪ್ಲೇಗಿನ ಗಡ್ಡೆ ಎದ್ದಿತು. ಜನ ಅವನನ್ನು ಹೊರಗೆ ಹಾಕಿದರು. ಮಗಳನ್ನು ಹೆಗಲ ಮೇಲೆ ಹೊತ್ತು ಗುಡಿಸಲಿಂದ ಗುಡಿಸಲಿಗೆ ಅಲೆದವನಿಗೆ ಎಲ್ಲೆಡೆ ತನ್ನ ಮಾತೇ ಎದುರಾಯಿತು. ಕೊನೆಗೆ ದಿಬ್ಬ ಹತ್ತಿದ. ಇನ್ನಾಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಬಾಯಿಂದಲೂ ಅದೇ ಬಂತು.

“ಮುಂದಕ್ಕೋಗು.”

“ಮುಂದೆ ಮನೆ ಇಲ್ಲ ಕಣವ್ವ,” ಎಂದ ಪುಟ್ಟೀರಯ್ಯ.

ಅವನು ವಾದಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಅವಳು ಕಮರಿಯ ಕಡೆ ನೋಡಿದಳಂತೆ. ಆಮೇಲೆ ಮಗುವನ್ನು ಒಳಗೆ ಮಲಗಿಸಿ, ಕಟ್ಟಳೆ ಮುರಿದು ಒಲೆ ಹೊತ್ತಿಸಿದಳು. ಗಂಜಿ ಮುಂದಿಟ್ಟಾಗ ಪುಟ್ಟೀರಯ್ಯ ಅಳುತ್ತ, ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಿದ.

“ಇನ್ನೂ ಆಗಿಲ್ಲ ಕಣಣ್ಣ,” ಎಂದಳು ಇನ್ನಾಸಮ್ಮ. “ಗಂಜಿ ಆರೋಯ್ತದೆ, ಕುಡಿ.”

ನಾಲ್ಕು ದಿನ ಅವಳು ನಿಂಗಿಯ ಗಡ್ಡೆ ತೊಳೆದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮಗು ಉಳಿಯಲಿಲ್ಲ. ಪ್ಲೇಗಿನ ಹೆಣ ತರಬೇಡವೆಂದು ಊರವರು ಸುಡುಗಾಡಿನ ದಾರಿಗೂ ಮುಳ್ಳು ಹಾಕಿದ್ದರು. ಪುಟ್ಟೀರಯ್ಯ ಹೆಣ ತೊಡೆಯ ಮೇಲಿಟ್ಟುಕೊಂಡು ದಿಕ್ಕು ತೋಚದೆ ಕೂತಿದ್ದ. ಇನ್ನಾಸಮ್ಮ ಹಾರೆ ತಂದು ಚೌರಪ್ಪನ ಪಕ್ಕದಲ್ಲಿ ಅಗೆಯತೊಡಗಿದಳು. ಅದು ಅವಳ ಜಾಗ. ಮುಂದೆ ಅವಳು ರೋಗಿಗಳ ಗುಡಿಸಲುಗಳಲ್ಲಿ ಚಾಕರಿ ಮಾಡುತ್ತ ಅಲ್ಲೆಲ್ಲೋ ಸತ್ತಳು. ಎಲ್ಲಿ ಹೂತರೋ ಯಾರಿಗೂ ತಿಳಿಯದು. ಪುಟ್ಟೀರಯ್ಯ ಸಾಯುವತನಕ ಆ ದಿಬ್ಬದ ಮೇಲೆ ಹಾದಿಹೋಕರಿಗೆ ನೀರು ತುಂಬಿಡುತ್ತಿದ್ದ ಎನ್ನುತ್ತಾರೆ.

ಇಂದಿಗೂ ಕಾರೆಕಟ್ಟೆಯಲ್ಲಿ ಬೇಡಲು ಬಂದವರಿಗೆ ‘ಮುಂದಕ್ಕೆ ಹೋಗು’ ಎನ್ನುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೊಂಬು ನೀರು ಕೊಟ್ಟು ಕೂರಿಸುತ್ತಾರೆ. ದಿಬ್ಬ ನೋಡಲು ಬಂದವರು, ಇವೆರಡರಲ್ಲಿ ಇನ್ನಾಸಮ್ಮನ ಗೋರಿ ಯಾವುದು ಎಂದು ಕೇಳುತ್ತಾರೆ. ಯಾವುದೂ ಅಲ್ಲ ಎನ್ನುತ್ತೇನೆ. ಕೊನೆಗಾದರೂ ಅವಳು ಕ್ಷಮಿಸಿದಳೇ ಎಂದು ಕೆಲವರು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ಎರಡು ಗೋರಿಗಳ ನಡುವೆ ಕೈಯಿಟ್ಟು ನೋಡಿ ಎನ್ನುತ್ತೇನೆ. ಅಲ್ಲಿ ಒಂದು ಗೇಣೂ ಜಾಗವಿಲ್ಲ.